ಕಚ್ಚು

ಗುತ್ತಲು ರಸ್ತೆಯ ಕ್ಲಿನಿಕ್ಕು. ಡಾಕ್ಟ್ರಮ್ಮ
ಅಂಗೈ ಮೇಲಿಟ್ಟು ತೋರಿಸಿದರು:
ಭತ್ತದ ಕಾಳುದ್ದದ ಟೈಟೇನಿಯಂ ತಿರುಪು.
‘ನೋಡಿ ಮಂಚಯ್ಯ, ನುಣುಪಿಲ್ಲ. ಬೇಕಂತಲೇ
ಮರಳು ಹೊಡೆದು, ಆಸಿಡ್ಡಲ್ಲಿ ಅದ್ದಿ
ಒರಟು ಮಾಡಿದ್ದು.
ಒರಟಿದ್ದರೇ ಮೂಳೆ ಹಿಡಿಯೋದು.’

ನನಗೆ ಹೇಳಬೇಕೆ, ತಾಯಿ?
ಬಾಯಿ ತುಂಬ ಹತ್ತಿ, ಸುಮ್ಮನಿದ್ದೆ.
ಮೂವತ್ತು ವರ್ಷ ಗಾರೆ ಕೆಲಸ.
ನುಣ್ಣನೆ ಮೋಲ್ಡಿಗೆ ಕಚ್ಚು ಹೊಡೆಯದೆ
ಬಳಿದದ್ದು
ಗೃಹಪ್ರವೇಶದ ದಿನವೇ ಉದುರಿ
ಚಿಕ್ಕಲಿಂಗೇಗೌಡರ ಪಾಯಸಕ್ಕೆ ಬಿದ್ದದ್ದುಂಟು.

ಗೋಡೆ ನೀರು ಕುಡಿಯಬೇಕು.
ಇದೂ ಕುಡಿಯುತ್ತಂತೆ, ರಕ್ತ.

ಇನ್ನು ಮೂರು ತಿಂಗಳು
ಕಡಲೆ, ಕಬ್ಬು ಮುಟ್ಟುವಂತಿಲ್ಲ.
ರಾತ್ರಿ ನಾಲಿಗೆ ಅತ್ತಲೇ ಹೋಗುತ್ತೆ,
ಹಸಿ ಗೋಡೆಗೆ ಬೆರಳಿಡುವ
ಮನೆಯೊಡೆಯನ ಹಾಗೆ.

ಏಯ್,
ಇನ್ನೂ ಆರಿಲ್ಲ. ಕೈ ತೆಗಿ.