ಮೂವತ್ತೇಳು

ಶ್ರೀನಿವಾಸಪುರದ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು
ಹೊಂಗೆಮರದಡಿ ನನ್ನ ಮೇಜು. ಒಂದು ಕಾಲು ಮೋಟು,
ಅದರಡಿ ಮಡಚಿಟ್ಟ ಹಳೆಯ ಛಾಪಾಕಾಗದ.
ಮೇಲೆ ಲ್ಯಾಪ್‌ಟಾಪು, ಒಂಬತ್ತು ವರ್ಷದ್ದು,
ಎಲೆಯಡಿಕೆಯವರ ಎದುರು ಕೂತು ಕೂತು
ಅದರ ಅಂಚೂ ಒಂದಿಷ್ಟು ಕೆಂಪು.

ಮೂವತ್ತೇಳು ಎನ್ನುತ್ತದೆ ಮೂಲೆಯ ಅಂಕಿ.
ನಂಬಿ ಚಕ್ಕುಬಂದಿ ಶುರುಮಾಡುತ್ತೇನೆ:
ಪೂರ್ವಕ್ಕೆ ಯರ್ರಪ್ಪನ ಜಮೀನು,
ಪಶ್ಚಿಮಕ್ಕೆ ಗಾಡಿದಾರಿ,
ಉತ್ತರಕ್ಕೆ...
ಉತ್ತರವಿಲ್ಲ. ಕರಿ ಪರದೆ.
ಅದರೊಳಗೆ ನನ್ನದೇ ಮುಖ, ತಲೆ ಮೇಲೆ ಹೊಂಗೆ.

ಏನೆಲ್ಲ ಮಾಡಿದೆ.
ಬೆಳಕು ಇಳಿಸಿದೆ; ಕಣ್ಣಿಗೆ ಕಾಣದೆ
ಕ್ರಯಪತ್ರ ಕ್ಷಯಪತ್ರವಾಗಿ
ಕೊಂಡವನು ಜಗಳಕ್ಕೇ ಬಂದ.
ವೈಫೈ, ಬ್ಲೂಟೂತು, ಕೀಲಿಗಳ ಕೆಳಗಿನ ದೀಪ, ಎಲ್ಲ ಆರಿಸಿದೆ.
ಫ್ಯಾನಿನ ಕಿಂಡಿಯಿಂದ ಹಳೇ ಹಲ್ಲುಜ್ಜುವ ಬ್ರಷ್ಷಲ್ಲಿ
ಒಣಗಿದ ಹೊಂಗೆಹೂವು ಕೆರೆದು ತೆಗೆದೆ.

ರಿಪೇರಿ ಅಂಗಡಿಯ ಸಿಬ್ಗತ್ ಹೇಳಿದ:
"ನೂರು ತುಂಬಿಸಿ, ಪೂರ್ತಿ ಸಾಯೋಕೆ ಬಿಡಿ,
ಮತ್ತೆ ಒಂದೇ ಉಸಿರಿಗೆ ತುಂಬಿಸಿ. ಲೆಕ್ಕ ಸರಿಹೋಗುತ್ತೆ."
ಮೂರು ರಾತ್ರಿ ಮಾಡಿದೆ. ಹೋಗಲಿಲ್ಲ.
ಆಮೇಲೆ ಬ್ಯಾಟರಿಯ ವರದಿ ತೆಗೆದು ತೋರಿಸಿದ:
ಹುಟ್ಟಿದಾಗ ನಲವತ್ತೆಂಟು ಸಾವಿರ, ಈಗ ಹನ್ನೊಂದು.
ಪಹಣಿ ನೋಡಿದಂತಾಯಿತು.
ಕಾಗದದಲ್ಲಿ ನಾಲ್ಕು ಎಕರೆ,
ಸರಪಳಿ ಎಳೆದರೆ ಮೂವತ್ತೇಳು ಗುಂಟೆ.

"ಹೊಸದು ಹಾಕ್ಸಿ ಸಾರ್, ಎರಡು ಸಾವಿರದ ಎಂಟುನೂರು."
"ಮಾವು ಕೊಯ್ಲಾಗಲಿ" ಅಂದೆ.
ನನಗೆ ಒಂದು ಮಾವಿನ ಗಿಡವೂ ಇಲ್ಲ.
ಈ ಊರಲ್ಲಿ ವಾಯಿದೆ ಹೇಳುವುದೇ ಹಾಗೆ.

ಮೊನ್ನೆ ಮಂಗಳವಾರ ಆವಲಪ್ಪ
ತಂಗಿಯನ್ನು ಕರೆತಂದ. ಹಕ್ಕು ಬಿಡುಗಡೆ ಪತ್ರ.
ಮುನಿರತ್ನ. ಕೈಯಲ್ಲಿ ಆಧಾರಿನ ಜೆರಾಕ್ಸು,
ನಾಲ್ಕಾಗಿ ಮಡಚುವಳು, ಬಿಚ್ಚುವಳು, ಮಡಚುವಳು.
ಬರೆಯುತ್ತ ಜೋರಾಗಿ ಓದುವುದು ನನ್ನಪ್ಪನಿಂದ ಬಂದ ರೂಢಿ,
ಬರೆಸಿದವರ ಕಿವಿಗೂ ಬೀಳಲಿ ಎಂದು.
"ಯಾರ ಒತ್ತಾಯ ಪ್ರೇರೇಪಣೆಗಳೂ ಇಲ್ಲದೆ,
ಸ್ವಸ್ಥಚಿತ್ತಳಾಗಿ, ಸ್ವಸಂತೋಷದಿಂ..."
ಮೂವತ್ತೇಳಿತ್ತು.
ದೇವರಾಣೆ, ಮೂವತ್ತೇಳಿತ್ತು.

ಜೆರಾಕ್ಸ್ ಅಂಗಡಿಗೆ ವೈರು ಎಳೆದೆ,
ಗಂಟೆಗೆ ಹತ್ತು ರೂಪಾಯಿ. ಅಲ್ಲೂ ಕರೆಂಟಿಲ್ಲ,
ಮೂರಕ್ಕೆ ಬರುತ್ತಂತೆ.
ಆವಲಪ್ಪ ಬೀಡಿ ಹುಡುಕಿಕೊಂಡು ಹೋದ.
ಕಲ್ಲಿನ ಮೇಲೆ ಕೂತವಳು ಆಗ ಬಾಯಿಬಿಟ್ಟಳು:
"ಉತ್ತರಕ್ಕೆ ಏನಂತ ಬರೆದ್ರಿ?"
ಸರ್ಕಾರಿ ಹಳ್ಳ, ಅಂದೆ.
"ಹಳ್ಳ ಆಮೇಲೆ.
ಮೊದ್ಲು ನಮ್ಮಮ್ಮ ನೆಟ್ಟ ಎರಡು ಮಾವಿನ ಮರ."
ನಾನೇನೂ ಹೇಳಲಿಲ್ಲ. ನಾನು ಬರೆಯುವವನು.

ಮೂರಾಯಿತು. ಕರೆಂಟು ಬಂತು, ಬೀಡಿ ವಾಸನೆಯೂ ಬಂತು.
ಅವಳಿರಲಿಲ್ಲ.
ರಾಯಲ್ಪಾಡಿನ ಬಸ್ಸು ಹತ್ತಿದಳು ಎಂದ ಕಡಲೆಕಾಯಿಯವನು.
ಆವಲಪ್ಪ ಬೈದದ್ದು ತಂಗಿಯನ್ನಲ್ಲ, ಲ್ಯಾಪ್‌ಟಾಪನ್ನು.
ಅದರ ಅಮ್ಮನನ್ನೂ ಬಿಡಲಿಲ್ಲ.
ನನ್ನ ಬರವಣಿಗೆ ಕೂಲಿ ನಾನೂರು, ಹಳ್ಳಕ್ಕೆ.

ರಾತ್ರಿ ಸೆಟ್ಟಿಂಗು ತೆರೆದು ಕೂತೆ.
ಎಚ್ಚರಿಕೆ ಕೊಡುವುದು ಹತ್ತಕ್ಕೆ ಎಂದಿತ್ತು.
ಮೂವತ್ತೇಳಕ್ಕೇ ಉಸಿರು ಬಿಡುವುದಕ್ಕೆ
ಹತ್ತರ ಎಚ್ಚರಿಕೆ ಯಾರಿಗೆ?
ನಲವತ್ತೈದಕ್ಕೆ ಏರಿಸಿದೆ.
ಆಗ ಕೂಗು, ನಲವತ್ತಕ್ಕೆ ಮಲಗಿಬಿಡು,
ಬರೆದದ್ದನ್ನೆಲ್ಲ ತಲೆದಿಂಬಿನಡಿ ಇಟ್ಟುಕೊಂಡು ಮಲಗು,
ಎಂದು ಗುರುತು ಹಾಕಿದೆ.

ಆಗಲೇ ಅದು ಕೇಳಿದ್ದು:
ಉಳಿಸದ ಕಡತವೊಂದಿದೆ, ಬೇಕೆ?
ತೆರೆದೆ. ಕೊನೆಯ ಸಾಲು ಉಳಿದದ್ದು
"ಯಾರ ಒತ್ತಾಯ ಪ್ರೇರೇಪಣೆಗಳೂ ಇಲ್ಲದೆ",
ಅಷ್ಟೇ. ಮುಂದೆ ಬಿಳಿ.
ಅದನ್ನು ಮುಟ್ಟಲಿಲ್ಲ. ಮೇಲಕ್ಕೆ ಹೋಗಿ
ಉತ್ತರಕ್ಕೆ, ಹಳ್ಳಕ್ಕೂ ಮುಂಚೆ,
ಎರಡು ಮಾವಿನ ಮರ ಬರೆದೆ.
ಯಾವ ಜಾತಿಯ ಮಾವೆಂದು ಕೇಳಿರಲಿಲ್ಲ.
ಅಷ್ಟು ಜಾಗ ಬಿಟ್ಟೆ.