ತುಂಬು

ಬ್ಯಾಡಗಿ ಪ್ಯಾಟ್ಯಾಗ ಸೊನ್ನೆಗೆ ಕಿಮ್ಮತ್ತಿಲ್ಲ.
ಇಪ್ಪತ್ತೆಂಟು ಅಂದರೆ ಇಪ್ಪತ್ತೆಂಟು ಸಾವಿರ, ಕ್ವಿಂಟಲಿಗೆ.
ಒಂದೂವರೆ ಅಂದರೆ ಸೋಮವಾರದ ಆವಕ,
ಒಂದೂವರೆ ಲಕ್ಷ ಚೀಲ.
ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ.
ಘಾಟು ಮೂಗಿಗೆ ರೂಢಿಯಾಗುವಷ್ಟರಲ್ಲಿ
ಇದೂ ಆಗಿರುತ್ತದೆ.

ನಾನು ಗುರುಶಾಂತಪ್ಪನವರ ಅಡತಿ ಅಂಗಡಿಯ ಗುಮಾಸ್ತ.
ಹನ್ನೊಂದು ವರ್ಷದಿಂದ
ಸಾ ಬರೆದು ಒಂದು ಚುಕ್ಕೆ ಇಡುತ್ತೇನೆ,
ಲ ಬರೆದು ಒಂದು ಚುಕ್ಕೆ.
ಕೋ ಬರೆಯುವ ಪ್ರಸಂಗ ವರ್ಷಕ್ಕೆ ಎರಡು ಸಲ;
ಆಗ ಸಾವಕಾರರು ತಾವೇ ಪೆನ್ನು ಇಸಕೊಳ್ಳುತ್ತಾರೆ.

ಮೊನ್ನೆ ಫೋನು ಕಿವಿಯಲ್ಲಿದ್ದಂತೆ ಎರಡು ಬೆರಳು ಎತ್ತಿದರು.
ಗುಂಟೂರಿನ ಖರೀದಿದಾರನ ಮುಖ
ಎರಡು ಲಕ್ಷದಷ್ಟು ಇಳಿಯಿತು.
ಹಮಾಲಿ ಮೌಲಾಸಾಬ ಎರಡು ಚೀಲ ಇಳಿಸಿದ.
ಹುಡುಗ ಎರಡು ಚಹಾ ತಂದ.
ಸಾವಕಾರರು ಚಹಾ ಕುಡಿದರು. ಯಾರಿಗೂ ತಪ್ಪು ಅನ್ನಲಿಲ್ಲ.

ಹಿಂದೆ, ತಗಡಿನ ನೆರಳಿಗೆ, ಗುತ್ತೆವ್ವ.
ಹೆಬ್ಬೆರಳಿಗೆ ಬಟ್ಟೆ ಸುತ್ತಿ ತುಂಬು ಬಿಡಿಸುತ್ತಾಳೆ,
ಕಾಯಿ ಬಲಕ್ಕೆ, ತುಂಬು ಎಡಕ್ಕೆ.
ಒಂದು ದಿನ ಚ್ಯಾಷ್ಟಿ ಮಾಡಿದೆ:
“ನೀ ಕಾಯೀದು ತುಂಬು ತೆಗೀತಿ, ನಾ ಲೆಕ್ಕದ್ದು.”
ಆಕೆ ತಲೆ ಎತ್ತಲಿಲ್ಲ.
“ತಮ್ಮಾ, ಲಕ್ಷ ಅಂದ್ರ ಎಷ್ಟಾಕ್ಕಾವೋ?”
“ನೂರು ಸಾವಿರ.”
“ಅದಲ್ಲೋ. ಎಷ್ಟು ದಿನದ ಕಾಯಿ?”

ಚೀಟಿಯ ಬೆನ್ನಿಗೆ ಬರೆದೆ:
ಕಿಲೋಕ್ಕೆ ಹೆಚ್ಚುಕಮ್ಮಿ ಸಾವಿರ ಕಾಯಿ,
ದಿನಕ್ಕೆ ಹನ್ನೆರಡು ಕಿಲೋ.
ಇನ್ನೂ ಭಾಗಿಸುತ್ತಿದ್ದೆ.
“ಎಂಟು ದಿನ, ಮ್ಯಾಲೊಂದು ಮುಂಜಾನೆ” ಅಂದಳು.
“ಅಷ್ಟೊತ್ತಿಗೆ ಉಗುರಿನ ಬುಡಕ್ಕ ಉರಿ ಇಳದಿರ್ತೈತಿ.”

ಆಗ ಕಂಡಿತು,
ಆಕೆಯ ಉಡಿಯಲ್ಲಿ ಏಳೋ ಎಂಟೋ ಕಾಯಿ,
ತುಂಬು ಇದ್ದಹಾಗೇ.
ಕದ್ದಳೇನೋ ಅಂದುಕೊಂಡೆ.
(ಅಂದುಕೊಂಡದ್ದಕ್ಕೆ ಈಗಲೂ ಮುಖ ಬಿಸಿಯಾಗುತ್ತದೆ.)
ಬುಟ್ಟಿ ತೂಗಿದಾಗೊಮ್ಮೆ ಒಂದು ಎತ್ತಿಡುತ್ತಾಳೆ,
ಕಿಲೋಕ್ಕೊಂದು.
ಸಾವಿರದ ಬದಲು ಒಂದು, ನಮ್ಮ ಹಾಗೆಯೇ.
ಆದರೆ ಅದರ ತುಂಬಿಗೆ ಕೈ ಹಚ್ಚುವುದಿಲ್ಲ.

ಸಂಜೆ ಹೆಸರು ಕೂಗಿ “ಹನ್ನೊಂದು” ಎಂದು ಓದಿದೆ.
ಉಡಿ ಬಿಚ್ಚಿ, ತಕ್ಕಡಿಯ ಪಕ್ಕ
ಒಂದೊಂದಾಗಿ ಸಾಲಿಗೆ ಇಟ್ಟಳು.
ಹನ್ನೆರಡು.
ತಿದ್ದಿದೆ. ರೊಕ್ಕ ಎಣಿಸಿಕೊಂಡು,
ಆ ಹನ್ನೆರಡನ್ನೂ ಅಲ್ಲೇ ಬಿಡಿಸಿ, ರಾಶಿಗೆ ಎಸೆದು,
ಸೆರಗು ಝಾಡಿಸಿ ಹೋದಳು.

ಪುಸ್ತಕ ಮುಚ್ಚುವ ಮುಂಚೆ ಏನೋ ಅನಿಸಿ
ಸೋಮವಾರದ ಆ ಒಂದೂವರೆಯನ್ನು
ಕಾಯಿಗಳಲ್ಲಿ ಬರೆಯಲು ಹೊರಟೆ,
ಚುಕ್ಕೆ ಇಡದೆ, ಸೊನ್ನೆ ಬಿಡದೆ.
ಅಂಕಣ ದಾಟಿ, ಕೆಂಪು ಗೆರೆ ದಾಟಿ
ಹಾಳೆಯ ಅಂಚಿನಲ್ಲಿ ಕೈ ನಿಂತಿತು.

ಹನ್ನೊಂದು ವರ್ಷದ ಮೇಲೆ
ನನಗೆ ಸೀನು ಬಂತು.