ಎಣ್ಣೆ ಸೀಸೆಯ ಗೀಟು

ಒಂದು ರೂಮಿಗೆ ಹದಿನಾಲ್ಕು ಮಂಚ, ಮೇಲೊಂದು ಕೆಳಗೊಂದು.
ಜೋರ್ಡಾನಿನಾಗೆ ನನಗೆ ಸಿಕ್ಕಿದ್ದು ಕೆಳಗಿಂದು,
ಬೀಗ ಇಲ್ಲದ ತಗಡಿನ ಕಪಾಟು,
ಕಿಟಕಿ ಆಚೆ ನಮ್ಮ ಬಳ್ಳಾರಿಯಂಥದೇ ಬೋಳುಗುಡ್ಡ.
ಗುಡ್ಡ ನೋಡಿ ಮೊದಲ ರಾತ್ರಿ ಸಮಾಧಾನ ಆತು.
ಬೆಳಿಗ್ಗೆ ಎದ್ದರೆ ಸೋಪಿಲ್ಲ.

ಸೋಪು ತಾನೆ, ಹೋಗಲಿ ಅಂದೆ.
ಆಮೇಲೆ ಸೇಫ್ಟಿ ಪಿನ್ನು, ಚಾರ್ಜರು,
ಕಾಲುಚೀಲ (ಜೋಡಿಯಲ್ಲ, ಒಂದೇ),
ಅವ್ವ ಕುಟ್ಟಿ ಕಳಿಸಿದ ಶೇಂಗಾ ಪುಡಿಯಾಗೆ ಅರ್ಧ.
ಕಳ್ಳಿಗೂ ಕರುಳಿತ್ತು ನೋಡವ್ವ,
ಇರುವೆ ಹೋಗದಂಗೆ ಮುಚ್ಚಳ ಬಿಗಿದಿಟ್ಟಿದ್ದಳು.

ಕೊಬ್ಬರಿ ಎಣ್ಣೆ ಮಾತ್ರ ನಾನು ಬಿಡಲಿಲ್ಲ.
ಊರಿಂದ ತಂದದ್ದು, ಒಂದೇ ಸೀಸೆ.
ಪೆನ್ನಿಲೆ ಗೀಟೆಳೆದೆ: ಸೋಮವಾರ ಇಲ್ಲಿಗೆ, ಮಂಗಳವಾರ ಇಲ್ಲಿಗೆ.
ಬುಧವಾರ ನಾನು ತಲೆ ಬಾಚಲೇ ಇಲ್ಲ.
ಎಣ್ಣೆ ಅರ್ಧ ಬೆರಳು ಇಳಿದಿತ್ತು.

ದರ್ಜಿ ಬುದ್ಧಿ ಎಲ್ಲಿಗೆ ಹೋಗ್ತದೆ?
ಬಟ್ಟೆಗೆ ಗುರುತು ಹಾಕೋ ನೀಲಿ ಸುಣ್ಣದ ಬಿಲ್ಲೆ
ನುಣ್ಣಗೆ ಅರೆದು ಸೀಸೆಗೆ ಸುರಿದು ಕುಲುಕಿದೆ.
ಮರುದಿನ ಹಿಂಜೇಬು ಕೂರಿಸ್ತಾ ಕತ್ತೆತ್ತಿದರೆ
ಮುಂದಿನ ಮಿಷಿನ್ನಿನ ನಿಲುಫಾ,
ಅವಳ ಬೈತಲೆಯಾಗೆ ಸಣ್ಣ ನೀಲಿ ಗೆರೆ,
ನಾನೇ ಹೊಲಿದಂಗೆ ನೆಟ್ಟಗೆ.

ಇಡೀ ಲೈನು ನಿಲ್ಲೋ ಹಂಗೆ ಕೂಗಿದೆ.
ಅವಳ ಮಾತು ನನಗೆ ಬರದು, ನನ್ನದು ಅವಳಿಗೆ.
ಬೈಗುಳಕ್ಕೆ ಅದೇನು ಅಡ್ಡಿ ಆಗಲಿಲ್ಲ.
ಸೂಪರ್‌ವೈಸರು ಬಂದ. ಕಾಸಿಂಬಿ ಅನ್ನೋಕೆ ನಾಲಿಗೆ ತಿರುಗದೆ
ನನ್ನನ್ನ ಬೆಲಾರಿ ಅಂತಿದ್ದ.
ಏನು ಬೆಲಾರಿ ಅಂದ, ಕೇಳಿದ,
ಮೂರು ದಿನದ ಕೂಲಿ ಮುರಕೊಂಡೆ ಅಂತ ಬರಕೊಂಡ.
ಬರಕೊಂಡದ್ದು ಅದೇ ಪುಸ್ತಕದಾಗೆ,
ನಮ್ಮ ಓವರ್‌ಟೈಮಿನ ಅರವತ್ತು ತಾಸು
ತಿಂಗಳಾ ತಿಂಗಳಾ ಐವತ್ತೆರಡಾಗೋ ಪುಸ್ತಕ.
ನಮ್ಮ ಪಾಸ್‌ಪೋರ್ಟುಗಳೂ ಅವನ ಡ್ರಾದಾಗೆ,
ಭದ್ರ ಇರಲಿ ಅಂತ.
ಆ ಡ್ರಾಕ್ಕೆ ಬೀಗ ಇತ್ತು.
ಅವನಿಗೆ ನಾನು ಗೀಟು ಎಳೆಯಲಿಲ್ಲ.

ನಿಲುಫಾ ಊರಿಗೆ ಹೋಗೋ ದಿನ
ನನ್ನ ದಿಂಬಿನ ಕೆಳಗೆ ಒಂಟಿ ಕಾಲುಚೀಲ ಇಟ್ಟು ಹೋದಳು,
ತೊಳೆದು, ಮಡಚಿ.
ಚಾರ್ಜರು ಇಡಲಿಲ್ಲ.
ಚಾರ್ಜರು ಅವಳು ಕದ್ದಿದ್ದಲ್ಲವೋ ಏನೋ.

ಈಗ ಕೌಲ್ ಬಜಾರಿನ ಹಿಂದಲ ಗಲ್ಲಿಯಾಗೆ
ನನ್ನವೇ ನಾಲ್ಕು ಮಿಷಿನ್ನು, ಜೀನ್ಸಿನ ಕೆಲಸ.
ಮೋರಿ ನೀರು ನೀಲಿ, ಅದ ದಾಟಿ ಬರೋ ಎಮ್ಮೆ ಕಾಲು ನೀಲಿ.
ಏಪ್ರಿಲ್ಲಿನ ಮಧ್ಯಾಹ್ನ ಕತ್ತರಿ ಹಿಡಿದರೆ ಚುರ್ ಅಂತದೆ.
ತಾಮ್ರದ ರಿವೀಟು ದಿನಾ ಒಂದು ಹಿಡಿ ಕಮ್ಮಿ.
ಯಾರಂತ ಗೊತ್ತು.
ತಿಪ್ಪಕ್ಕನ ಬುತ್ತಿ ಡಬ್ಬಿ
ಉಂಡ ಮೇಲೂ ಗಲಗಲ ಅಂತದೆ.

ಹಳೇ ಬುದ್ಧಿ. ಬಿಲ್ಲೆ ಅರೆಯೋಕೆ ಕೂತೆ.
ಅರೆದು ಅರೆದು ಆಮೇಲೆ ನೆನಪಾತು,
ಇಲ್ಲಿ ಎಲ್ಲರ ಕೈಯೂ ನೀಲಿನೇ.
ಹೊಲಿಯೋರದ್ದು, ಒಗೆಯೋರದ್ದು,
ಗುಂಡಿ ಹಚ್ಚೋ ಮುದುಕಿಯದ್ದು ಮೊಣಕೈತನ.
ಯಾರನ್ನಂತ ಹಿಡೀಲಿ?

ಶನಿವಾರ ಬಟವಾಡೆ, ಪುಸ್ತಕ ತೆಗೆದೆ.
ತಿಪ್ಪಕ್ಕನ ಹೆಚ್ಚಿನ ತಾಸು ಏಳೂವರೆ.
ನನ್ನ ಅಕ್ಷರದಾಗೆ ಏಳು ಅಂತಿತ್ತು.
ಹೋದ ವಾರವೂ ಏಳು. ಅದರ ಹಿಂದಿನ ವಾರ
ನೋಡಲಿಲ್ಲ.
ಪುಟ ತಿರುವೋ ಮೂಲೆಗೆ ನನ್ನದೇ ಹೆಬ್ಬೆಟ್ಟು, ನೀಲಿ.

ಅರ್ಧ ತಾಸಿಂದು ಸೇರಿಸಿ ಎಣಿಸಿ ಕೊಟ್ಟೆ.
ತಿಪ್ಪಕ್ಕ ಏನೂ ಕೇಳಲಿಲ್ಲ, ಸೆರಗಿಗೆ ಕಟ್ಟಿಕೊಂಡಳು.
ಬಾಗಿಲು ದಾಟುವಾಗ ಡಬ್ಬಿ ಗಲಗಲ ಅಂತು.
ಕೇಳಿಸದವಳಂಗೆ ದಾರ ಪೋಣಿಸ್ತಾ ಕೂತೆ.
ಎರಡು ಸಲ ಸೂಜಿ ತಪ್ಪಿತು.